ಆ ಗಲ್ಲಿಯಿಂದ ಬಂದ ಕರೆ

ನಮ್ಮ ಚಿಕ್ಕಮ್ಮ ಅಗ್ನಿಶಾಮಕ ಠಾಣೆಯ ಫೋನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು. ಮೇಜಿನ ಮೇಲೆ ಎರಡು ಫೋನು, ಒಂದು ದಪ್ಪ ರಿಜಿಸ್ಟರು, ಪಕ್ಕದಲ್ಲೇ ಗಂಟೆಯ ಗುಂಡಿ. ಅವಳು ಗುಂಡಿ ಒತ್ತಿದರಷ್ಟೇ ಗಾಡಿ ಹೊರಡುವುದು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. "ದನಿ ಕೇಳಿದ್ರೆ ಸಾಕು ಕಣೋ, ಬೆಂಕಿ ನಿಜವೋ ಸುಳ್ಳೋ ಹೇಳಿಬಿಡ್ತೀನಿ" ಎಂದು ಜಂಬ ಕೊಚ್ಚುತ್ತಿದ್ದಳು.

ಬಟ್ಟೆ ಗೋದಾಮಿನ ಹಿಂದಿನ ಗಲ್ಲಿಯಿಂದ ಒಂದೇ ತಿಂಗಳಲ್ಲಿ ಮೂರು ಸುಳ್ಳು ಕರೆ ಬಂದವು. ಯಾರೋ ಕಿಡಿಗೇಡಿಯ ಕೆಲಸ. ಅಂದಿನಿಂದ ಆ ಗಲ್ಲಿಗೆ ಅವಳದೇ ಕಾನೂನು: ಅಲ್ಲಿಂದ ಯಾರೇ ಕರೆ ಮಾಡಿದರೂ ಮೊದಲು ಆ ನಂಬರಿಗೆ ತಿರುಗಿ ಫೋನ್ ಮಾಡುವುದು, ಎತ್ತಿದರೆ ಮಾತ್ರ ಗುಂಡಿ ಒತ್ತುವುದು. ಜೊತೆಯ ಇಬ್ಬರು ಹೆಂಗಸರು "ಬೇಡ ಅಕ್ಕಾ" ಅಂದರೆ, "ಆ ಗಲ್ಲಿಯವರೆಲ್ಲ ಅಷ್ಟೇ, ಸುಮ್ನಿರ್ರೇ" ಎಂದು ಗದರುತ್ತಿದ್ದಳು.

ಒಂದು ಮಧ್ಯಾಹ್ನ ಅಲ್ಲಿಂದ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬೆಂಕಿ ಬಿದ್ದಿದೆ ಎಂದು ಕರೆ ಮಾಡಿದಳು. ಚಿಕ್ಕಮ್ಮ ತಿರುಗಿ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. "ನೋಡಿದ್ರಾ?" ಎಂದು ನಕ್ಕು ಟೀ ಲೋಟ ಎತ್ತಿಕೊಂಡಳು. ಎತ್ತಬೇಕಾದವಳು ಹೊಗೆಯಲ್ಲಿ ಬಿದ್ದಿದ್ದಳು. ಹನ್ನೊಂದು ನಿಮಿಷದ ಮೇಲೆ ಎದುರು ಬೀದಿಯ ಅಂಗಡಿಯವನು ಕರೆ ಮಾಡಿದಾಗ ಗಾಡಿ ಹೊರಟಿತು. ಆ ಹೆಂಗಸು ಉಳಿಯಲಿಲ್ಲ.

ವಿಚಾರಣೆಯ ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವನು. ಚಿಕ್ಕಮ್ಮ ಒಂದು ಪದದ ಮೇಲೆ ಬೆರಳಿಟ್ಟಳು.

"ಇದೇನೋ ಮೇಷ್ಟ್ರೇ?"

"ಜನರಲೈಸ್ ಮಾಡಿದ್ದೀರಿ ಅಂತ. ಒಂದೆರಡು ನೋಡಿ, ಎಲ್ಲಾ ಹಾಗೇ ಅಂತ ತೀರ್ಮಾನ ಮಾಡೋದು. ಯಾವಾಗಲೂ ತಪ್ಪೇನಲ್ಲ ಚಿಕ್ಕಮ್ಮ. ನಾಲ್ಕು ಸಲ ಕೈ ಸುಟ್ಕೊಂಡು, ಬೆಂಕಿ ಸುಡತ್ತೆ ಅನ್ನೋದೂ ಅದೇ. ಮನುಷ್ಯರ ವಿಷಯಕ್ಕೆ ಬಂದ್ರೆ ಮಾತ್ರ ಆ ಪದ ಬಯ್ಗುಳ ಆಗತ್ತೆ."

ಆ ಗಲ್ಲಿಯ ಕರೆಗಳೆಲ್ಲ ಸುಳ್ಳೇ ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದು ಠಾಣೆಯ ಗುಮಾಸ್ತ ಹೇಳಿಕೊಟ್ಟಿದ್ದ. ನಾನೂ ತಲೆಯಾಡಿಸಿದೆ. ಥೂ, ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಚಿಕ್ಕಮ್ಮ ಎರಡು ದಿನ ಹಳೆಯ ರಿಜಿಸ್ಟರುಗಳನ್ನು ತಿರುವಿದಳು. ಅಷ್ಟೂ ವರ್ಷಗಳಲ್ಲಿ ಆ ಗಲ್ಲಿಯಿಂದ ಬಂದ ಕರೆಗಳು ನಲವತ್ತೊಂದು. ಸುಳ್ಳು, ಆ ಮೂರೇ. ಅದನ್ನೇ ಬರೆದು, "ತಪ್ಪು ನನ್ನದು" ಎಂದು ಸಹಿ ಹಾಕಿದಳು. ಕೆಲಸ ಹೋಯಿತು. ಅವಳು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಳೇನೋ.

ವಾರ ಕಳೆದ ಮೇಲೆ ಜೊತೆಯ ಆ ಇಬ್ಬರೂ ಚೀಲ ಹಿಡಿದು ಮನೆಗೆ ಬಂದರು. ಅವರನ್ನೂ ತೆಗೆದಿದ್ದರು. ಹೆಂಗಸರು ಈ ಕೆಲಸಕ್ಕೆ ಲಾಯಕ್ಕಿಲ್ಲವೆಂದು ಹೊಸ ಆದೇಶ ಬಂದಿತ್ತಂತೆ.

ಚಿಕ್ಕಮ್ಮ ಬಾಗಿಲ ಬಳಿಯೇ ಕೂತುಬಿಟ್ಟಳು. ಆಮೇಲೆ ಅವಳ ಅಳು ನಿಲ್ಲಲೇ ಇಲ್ಲ.

"ನಾನೊಬ್ಬಳು ಮಾಡಿದ್ದಲ್ವೇನೋ," ಅಂದಳು. "ಇವರು ಬೇಡ ಅಂದಿದ್ರು ಕಣೋ."