ಅತ್ತೆಗೆ ಓದಿ ಹೇಳಿದ ಕಥೆ

ಹೆಮ್ಮಾಡಿಯ ವಿನಯಾ ಕಥೆ ಬರೆಯುವುದು ಬೆಳಿಗ್ಗೆ, ಅತ್ತೆ ಜಲಜ ಮೀನಿನ ಬುಟ್ಟಿ ಹಿಡಿದು ವಂಡ್ಸೆ ಬಸ್ಸು ಹತ್ತಿದ ಮೇಲೆ. ಗಂಡ ಸುಜನ್ ಬೋಟಿನ ಕೆಲಸದಲ್ಲಿ. ಮನೆಗೆ ಬರುವುದು ಅಪರೂಪ. ಅನ್ನ ಬೇಯುವುದರೊಳಗೆ ನಾಲ್ಕು ಸಾಲು ಬಂದರೆ ಬಂತು, ಇಲ್ಲದಿದ್ದರೆ ನಾಳೆ. ಹಾಗೆ ಬರೆದ ಮೊದಲ ಕಥೆ ಮುಗಿಯಲು ಎರಡು ಮಳೆಗಾಲ ಹಿಡಿಯಿತು. ವಾರಪತ್ರಿಕೆಯಲ್ಲಿ ಅದು ಅಚ್ಚಾದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆ.

ಕಥೆಯಲ್ಲಿ ಒಬ್ಬ ಮೀನು ಮಾರುವ ಹೆಂಗಸು. ಗಾಳಿಮಳೆಗೆ ಗಂಡನ ದೋಣಿ ತಡವಾಗಿದೆ. ದಡದಲ್ಲಿ ಎಲ್ಲರೂ ಕೈಮುಗಿದು ನಿಂತಿರುವಾಗ ಅವಳು ಮನಸ್ಸಿನಲ್ಲೇ ‘ಅವನು ಬಾರದಿರಲಿ’ ಅಂದುಕೊಳ್ಳುತ್ತಾಳೆ. ಜಲಜಳ ಗಂಡ ಪಾಂಡು ಸಮುದ್ರದ ಪಾಲಾದದ್ದು ವಿನಯಾ ಸೊಸೆಯಾಗಿ ಬರುವ ಮೊದಲು. ದಡದಲ್ಲಿ ಕಾಯುವುದನ್ನಷ್ಟೇ ಅವಳು ಅತ್ತೆಯಿಂದ ತೆಗೆದುಕೊಂಡಿದ್ದಳು. ಆ ಮಾತು ಅವಳದೇ ಕಲ್ಪನೆ. ಹಾಗೆಂದರೆ ಯಾರು ನಂಬುತ್ತಾರೆ?

ಅತ್ತೆಗೆ ಓದು ಬಾರದು ಎಂಬುದೊಂದೇ ಧೈರ್ಯ. ಒಂದು ಮಧ್ಯಾಹ್ನ ಜಲಜ ಪತ್ರಿಕೆ ಹಿಡಿದುಕೊಂಡೇ ಒಳಗೆ ಬಂದಳು. ಪಕ್ಕದ ಮನೆಯ ವನಜ ಕೊಟ್ಟದ್ದು.

“ಎಂತದೋ ಕಥಿ ಬರ್ದಿದ್ಯಂಬ್ರ್. ಓದ್ ಕಾಂಬ.”

ವಿನಯಾ ಪತ್ರಿಕೆ ತೆಗೆದುಕೊಂಡಳು. ಓದತೊಡಗಿದಳು. ‘ಬಾರದಿರಲಿ’ ಎಂಬ ಸಾಲು ಬಂತು. ಸಾಲನ್ನು ಹಾರಿಸಿ ಮುಂದೆ ಹೋದಳು.

“ಅಲ್ಲೊಂದ್ ಮಾತ್ ಬಿಟ್ಟೆ,” ಅಂದಳು ಜಲಜ. “ವನಜ ಓದ್ ಹೇಳಿತ್. ನೀನೂ ಓದ್.”

ವಿನಯಾ ಓದಿದಳು. ಜಲಜ ಎದ್ದು ಬುಟ್ಟಿ ತೊಳೆಯಲು ಹೋದಳು.

ಮರುದಿನ ಜಲಜ ಚಾ ಕುಡಿಯದೆ ಹೊರಟಳು. ಮಧ್ಯಾಹ್ನದ ಬಸ್ಸು ಬಂತು, ಅವಳು ಇಳಿಯಲಿಲ್ಲ. ಮುಂದಿನ ಬಸ್ಸಿನಲ್ಲೂ ಇಲ್ಲ. ವಿನಯಾ ರಸ್ತೆಬದಿಯಲ್ಲೇ ನಿಂತಳು. ಅತ್ತೆ ಎಲ್ಲಿ ಹೋದಳು? ಸುಜನ್‌ಗೆ ಏನೆಂದು ಫೋನ್ ಮಾಡುವುದು? ಇನ್ನು ಬರೆಯುವುದೇ ಬೇಡ ಎಂದು ಅಲ್ಲೇ ನಿಶ್ಚಯಿಸಿದಳು.

ಬಿಸಿಲು ಇಳಿದ ಮೇಲೆ ಜಲಜ ವಂಡ್ಸೆಯಿಂದ ನಡೆದೇ ಬಂದಳು. ಬುಟ್ಟಿ ಖಾಲಿಯಾಗಿತ್ತು. ಜಗಲಿಯಲ್ಲಿ ಕೂತು ಕಾಲು ಚಾಚಿ ಕೇಳಿದಳು: “ಆ ಹೆಂಗ್ಸ್ ಮರ್ದಿನ ಎಂತ ಮಾಡ್ತ್?”

“ಗೊತ್ತಿಲ್ಲೆ ಅತ್ತಿ. ಕಥಿ ಅಲ್ಲಿಗೇ ಮುಗಿತ್.”

“ಮುಗುದಿಲ್ಲೆ. ಅಂದಾಜಿಗೆ ಬರಿಬೇಡ, ನಾ ಹೇಳ್ತೆ. ಒಂದೇ ಸಲ ಹೇಳುಕ್ ಆತಿಲ್ಲೆ. ನಿಧಾನ ಬರಿ.”

ಅಂದು ಅಷ್ಟೇ. ಆಮೇಲೆ ಜಲಜ ಮೀನು ಹೆಚ್ಚುವಾಗ, ತಲೆ ಬಾಚುವಾಗ ಎರಡು ಮಾತು ಹೇಳಿ ನಿಲ್ಲಿಸುತ್ತಾಳೆ. ಪಾಂಡು ಕುಡಿದು ಬಾಗಿಲು ಒದೆಯುತ್ತಿದ್ದದ್ದು ಹಾಗೆಯೇ ತಿಳಿಯಿತು. ಆ ದಿನ ದಡದಲ್ಲಿ ಅತ್ತೆ ಏನು ಅಂದುಕೊಂಡಳೆಂದು ವಿನಯಾ ಕೇಳುವುದಿಲ್ಲ. ಎರಡನೆಯ ಕಥೆ ಇನ್ನೂ ನಡೆದಿದೆ. ಬಸ್ಸು ಹೋದ ಮೇಲೆ ಅವಳು ಹಾಳೆ ಬಿಡಿಸುತ್ತಾಳೆ. ಅತ್ತೆ ಇನ್ನೇನು ಹೇಳಿಬಿಡುತ್ತಾಳೋ ಎಂಬ ಹೆದರಿಕೆ ಇದ್ದೇ ಇದೆ. ಆದರೂ ಬರೆಯುತ್ತಾಳೆ.