ಮರಳು ಗಡಿಯಾರ ಹಿಡಿದವಳು

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ಜಿಪಿಯಾಗಿ, ಅಂದರೆ ಬಡಾವಣೆಯ ಡಾಕ್ಟರಾಗಿ, ಹದಿನೆಂಟು ವರ್ಷ ಕಳೆದಿದ್ದೇನೆ. ಒಬ್ಬ ರೋಗಿಗೆ ಹತ್ತು ನಿಮಿಷ. ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಎದುರಿನವರು ಎಂಥವರು ಎಂದು ಅಂದಾಜು ಹಾಕಿಬಿಡಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ. ಈ ಅಭ್ಯಾಸ ಕ್ಲಿನಿಕ್ಕಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ನಾನು ಅದನ್ನು ಮನೆಗೂ ತಂದೆ.

ತಿಂಗಳಿಗೊಂದು ಶನಿವಾರ ನಾವು ನಾಲ್ಕು ಕನ್ನಡ ಮನೆಯವರು ಸೇರುತ್ತೇವೆ. ಹೆಚ್ಚಿನವರು ಆಸ್ಪತ್ರೆಯವರೇ. ಹಾಗಾಗಿ ಯಾವ ಶನಿವಾರ ಎಂಬುದನ್ನು ಪಂಚಾಂಗ ಹೇಳುವುದಿಲ್ಲ, ಡ್ಯೂಟಿ ಪಟ್ಟಿಯ ರೋಟಾ ಹೇಳುತ್ತದೆ. ದೀಪಾವಳಿಯೂ ಅಷ್ಟೇ, ಎಲ್ಲರಿಗೂ ರಜೆ ಸಿಕ್ಕ ದಿನವೇ ದೀಪಾವಳಿ. ಊಟವಾದ ಮೇಲೆ ಆಟ ಇದ್ದೇ ಇರುತ್ತದೆ. ಮೊದಲ ಸಲ ಯಾರೋ ತಂದ ಯಾವುದೋ ಆಟ ಆಡಿದೆವು. ನಮ್ಮ ಗುಂಪಿನ ಮೂಳೆ ಡಾಕ್ಟರು ಸೋತು, ಪಾಯಸ ಮುಟ್ಟದೆ ಎದ್ದು ಹೋದರು. ಅಂದಿನಿಂದ ಆಟ ಆರಿಸುವ ಕೆಲಸ ನಾನೇ ವಹಿಸಿಕೊಂಡೆ. ಜನ ನೋಡಿ ಆಟ ಕೊಡಬೇಕು, ಆಟ ನೋಡಿ ಜನ ಕೂರಿಸಬಾರದು ಎಂದು ಭಾಷಣವನ್ನೂ ಬಿಗಿದೆ.

ಹೆಮ್ಮೆಯಿಂದಲೇ ಹೇಳುತ್ತೇನೆ, ನಾನು ಅದರಲ್ಲಿ ಗಟ್ಟಿಗಿತ್ತಿ. ಸೋಲಲಾರದ ಮೂಳೆ ಡಾಕ್ಟರಿಗೆ, ಎಲ್ಲರೂ ಒಂದೇ ಪಕ್ಷವಾಗಿ ಆಡಿ ಗೆದ್ದರೆ ಒಟ್ಟಿಗೆ, ಸೋತರೆ ಒಟ್ಟಿಗೆ ಅನ್ನುವಂಥ ಆಟ ತಂದೆ. ಅವರ ಹೆಂಡತಿ ಮೆಲುಮಾತಿನವರು, ಅವರಿಗೆ ಚಿತ್ರ ಬರೆದು ಊಹಿಸುವ ಆಟ. ಧಾರವಾಡದ ಒಬ್ಬ ಗೆಳೆಯರಿದ್ದಾರೆ, ಮಾತು ಶುರು ಮಾಡಿದರೆ ಚಹಾ ಆರುತ್ತದೆ. ಅವರಿಗೆ ಬಾಯಿ ಬಿಡದೆ ಅಭಿನಯಿಸುವ ಆಟ.

“ಏನ್ರೀ ಡಾಕ್ಟ್ರ, ನನ್ನ ಬಾಯಿಗೆ ಕೀಲಿ ಹಾಕಾಕ ಇಷ್ಟೆಲ್ಲಾ ಹುಡಿಕ್ಯಾಡೀರೇನು?” ಎಂದು ಅವರು ನಕ್ಕರು. ಆದರೂ ಆಡಿದರು.

ಆ ಮೊದಲ ವರ್ಷ ನನ್ನ ಮಗಳಿಗೆ ಆರು. ಮನೆಗೆ ಜನ ಬಂದರೆ ನನ್ನ ದುಪಟ್ಟಾದ ಹಿಂದೆ ಅಡಗುವ ಹುಡುಗಿ. ಆಗ ಇನ್ನೂ ಕನ್ನಡ ಮಾತಾಡುತ್ತಿದ್ದಳು. ಮೇಜಿನ ಅಂಚು ಹಿಡಿದು, “ನಾನೂ ಆಡ್ತೀನಿ” ಅಂದಳು. ನಾನು ಒಂದು ಕೈಯಲ್ಲಿ ಚಿಪ್ಸ್ ಬಟ್ಟಲು, ಇನ್ನೊಂದರಲ್ಲಿ ಆಟದ ನಿಯಮದ ಚೀಟಿ ಹಿಡಿದು ನಿಂತಿದ್ದೆ.

“ನೀನು ಸೋತ್ರೆ ಅಳ್ತೀಯ ಪುಟ್ಟಿ. ಇದನ್ನ ಹಿಡ್ಕೋ. ತುಂಬಾ ಮುಖ್ಯವಾದ ಕೆಲಸ ಇದು.”

ಆಟದ ಡಬ್ಬಿಯೊಳಗಿನ ಪುಟ್ಟ ಮರಳು ಗಡಿಯಾರವನ್ನು ಅವಳ ಕೈಗಿಟ್ಟೆ. ಒಂದು ಕಡೆಯ ಮರಳು ಇನ್ನೊಂದು ಕಡೆಗೆ ಸುರಿದು ಮುಗಿಯಲು ಮೂರು ನಿಮಿಷ. ಮುಗಿದ ಕೂಡಲೇ ಅವಳು “ಟೈಮ್ ಅಪ್” ಅನ್ನಬೇಕು. ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆಯ ಮಗುವಿಗೆ ತಕ್ಕ ಕೆಲಸ ಹುಡುಕಿಕೊಟ್ಟೆ ಎಂದು ನನಗೆ ನೆಮ್ಮದಿಯಾಯಿತು. ಆ ನೆಮ್ಮದಿ ಹನ್ನೆರಡು ವರ್ಷ ನಡೆಯಿತು. ಹುಟ್ಟುಹಬ್ಬಗಳಿಗೂ ಒಬ್ಬಳೇ ಕೂತು ಜೋಡಿಸುವ ಚಿತ್ರದ ತುಂಡುಗಳನ್ನೇ ತಂದುಕೊಟ್ಟೆ. ಅವಳ ಸ್ವಭಾವ ನನಗೆ ಗೊತ್ತಲ್ಲ!

ಈಗ ಅವಳು ಬರ್ಮಿಂಗ್‌ಹ್ಯಾಮಿನಲ್ಲಿ ಎರಡನೇ ವರ್ಷ ಓದುತ್ತಾಳೆ, ಸೆಲ್ಲಿ ಓಕ್‌ನ ಒಂದು ಬಾಡಿಗೆ ಮನೆಯಲ್ಲಿ ಇನ್ನು ನಾಲ್ವರ ಜೊತೆ ಇದ್ದಾಳೆ. ಈ ಯುಗಾದಿಗೆ ಮನೆಗೆ ಬಂದಿದ್ದಳು. ಊಟ, ಆಟ, ಅವಳ ಕೈಯಲ್ಲಿ ಗಡಿಯಾರ, ಎಲ್ಲ ಎಂದಿನಂತೆ. ನಡುವೆ ಅದನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಮಹಡಿಗೆ ಹೋದಳು. ಮರುದಿನ ಬೆಳಿಗ್ಗೆಯ ರೈಲಿಗೇ ಹೊರಟಳು. ಕೇಳಿದ್ದಕ್ಕೆ ಸುಸ್ತು ಅಂದಳು. ಆಮೇಲೆ ಬರಲೇ ಇಲ್ಲ. ಬೇಸಿಗೆಯಲ್ಲಿ ಕೆಲಸ, ಸೆಪ್ಟೆಂಬರಿನಲ್ಲಿ ಪ್ರಬಂಧ. ದೀಪಾವಳಿಯ ಶನಿವಾರ ಗೊತ್ತಾದಾಗ ಸಂದೇಶ ಕಳಿಸಿದೆ. “ಬ್ಯುಸಿ” ಎಂದು ಒಂದೇ ಪದ ಬಂತು.

ಒಂದು ಹಬ್ಬ ತಪ್ಪಿದರೆ ಏನಂತೆ ಎಂದು ಗಂಡ ಅಂದರು. ಹಬ್ಬದ ಚಿಂತೆಯಾಗಿರಲಿಲ್ಲ ನನಗೆ. ಇವಳು ಇನ್ನು ಬರುವುದನ್ನೇ ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ. ಭಾನುವಾರ ರೈಲು ಹತ್ತಿದೆ. ಚೀಲದಲ್ಲಿ ಚಿತ್ರಾನ್ನ, ಚಕ್ಕುಲಿ, ಜೊತೆಗೆ ಹೊಸದೊಂದು ಆಟದ ಡಬ್ಬಿ. ಬಣ್ಣದ ಬಿಲ್ಲೆಗಳನ್ನು ಸದ್ದಿಲ್ಲದೆ ಜೋಡಿಸುವ, ಒಬ್ಬರೇ ಆಡಬಹುದಾದ ಆಟ. ಅವಳಿಗೆಂದೇ ಆರಿಸಿದ್ದು. ಬರ್ಮಿಂಗ್‌ಹ್ಯಾಮ್ ತಲುಪುವಷ್ಟರಲ್ಲಿ ಮೂರು ಸಲ ಸೀಟು ಬದಲಿಸಿದ್ದೆ.

ಸೆಲ್ಲಿ ಓಕ್‌ನ ಅವಳ ಬೀದಿಯಲ್ಲಿ ಕಸದ ಡಬ್ಬಗಳನ್ನು ದಾಟಿಕೊಂಡು ಹೋಗುತ್ತಿರುವಾಗಲೇ ಒಂದು ಮನೆಯಿಂದ ಗಲಾಟೆ ಕೇಳುತ್ತಿತ್ತು. ಎಲ್ಲರಿಗಿಂತ ಮೇಲೆ ಒಂದು ಹೆಣ್ಣುದನಿ ಕಿರುಚಿ ನಗುತ್ತಿತ್ತು. ಯಾರಪ್ಪಾ ಇದು, ಈ ಗಂಟಲಿನವಳ ಜೊತೆ ಇವಳು ಓದುವುದು ಹೇಗೆ ಅಂದುಕೊಂಡೆ. ಮನೆ ನಂಬರು ಅದೇ ಆಗಿತ್ತು.

ಬಾಗಿಲು ತೆರೆದದ್ದು ಎಂಎಸ್ಸಿ ಓದುವ ಮಂಗಳೂರಿನ ಹುಡುಗಿ. “ಬನ್ನಿ ಆಂಟಿ, ಒಳಗೆ ಬನ್ನಿ. ನಿಮ್ಮ ಮಗಳು ಸುಳ್ಳು ಹೇಳಿ ಹೇಳಿ ನಮ್ಮನ್ನೆಲ್ಲ ಸೋಲಿಸ್ತಾ ಇದ್ದಾಳೆ ಮಾರಾಯ್ರೆ!”

ಒಳಗೆ ಸೋಫಾದ ತೋಳಿನ ಮೇಲೆ ಕೂತು, ಕೈ ಎತ್ತಿ ವಾದಿಸುತ್ತಿದ್ದ ಆ ಗಂಟಲಿನವಳು ನನ್ನ ಮಗಳು.

ನನ್ನನ್ನು ನೋಡಿ ಎತ್ತಿದ ಕೈ ಇಳಿಸಿದಳು. ಆಮೇಲೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ನಾವು ಚಿಕ್ಕಂದಿನಲ್ಲಿ ಚೀಟಿ ಮಡಿಸಿ ಆಡುತ್ತಿದ್ದ ಕಳ್ಳ ಪೊಲೀಸ್ ಆಟದಂಥದೇ ಅದು. ಗುಟ್ಟಾಗಿ ಕಾರ್ಡು ಹಂಚುತ್ತಾರೆ, ಒಬ್ಬರು ಕಳ್ಳ. ಮರಳು ಸುರಿದು ಮುಗಿಯುವುದರೊಳಗೆ ಉಳಿದವರು ಮಾತಿನಲ್ಲೇ ಕಳ್ಳನನ್ನು ಹಿಡಿಯಬೇಕು. ನನಗೆ ಮೊದಲ ಸಲವೇ ಕಳ್ಳನ ಕಾರ್ಡು ಬಂತು. ಮುಖ ಗಂಭೀರ ಮಾಡಿಕೊಂಡೆ. ತುಸು ಹೊತ್ತಿಗೆ ಎದ್ದು, ಯಾರಿಗೆ ಟೀ ಬೇಕು ಎಂದು ಕೇಳಿದೆ.

“ಅಮ್ಮನೇ ಕಳ್ಳ” ಅಂದಳು ಮಗಳು. ಅವಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. “ನಾವು ತನ್ನನ್ನು ನೋಡಬಾರದು ಅನ್ನಿಸಿದಾಗಲೆಲ್ಲ ಅವಳು ಎದ್ದು ಏನಾದರೂ ತರಲು ಹೋಗುತ್ತಾಳೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಚುರುಕ್ ಅಂದಿತು.

“ಇದನ್ನೆಲ್ಲ ಎಲ್ಲಿ ಕಲಿತೆ?” ಎಂದು ಕೇಳಿದೆ.

“ನಮ್ಮನೆಯಲ್ಲೇ. ಗಡಿಯಾರ ಹಿಡಿದವಳನ್ನು ಯಾರೂ ನೋಡುವುದಿಲ್ಲ, ಅವಳಿಗೆ ಎಲ್ಲರೂ ಕಾಣುತ್ತಾರೆ. ಮೂಳೆ ಅಂಕಲ್‌ಗೆ ಸೋತಿದ್ದಕ್ಕೆ ಸಿಟ್ಟು ಬರುವುದಿಲ್ಲ, ಗೊತ್ತಾ? ಸೋತಾಗ ಆಂಟಿ ನಗುತ್ತಾರಲ್ಲ, ಅದಕ್ಕೆ.”

ಹದಿಮೂರು ವರ್ಷ ಆ ಮನುಷ್ಯನಿಗೆ ಆಟ ಹುಡುಕಿದವಳು ನಾನು. ಅವರ ಹೆಂಡತಿ ನಗುವುದನ್ನು ನಾನು ನೋಡಿಯೇ ಇರಲಿಲ್ಲ. ನಾನು ಅಡುಗೆಮನೆಯಲ್ಲಿರುತ್ತಿದ್ದೆ.

ಎರಡನೇ ಸಲ ನನ್ನ ಕಾಲು ಕುಣಿಯುತ್ತಿತ್ತು, ಬಾಗಿಲ ಕಡೆಗೇ ಕಣ್ಣು ಹೋಗುತ್ತಿತ್ತು. ಮಗಳು ಅದನ್ನು ಗಮನಿಸಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ನಿನಗೆ ಇದು ಕಷ್ಟವಾಗುತ್ತಿದೆ ಅಲ್ಲವಾ ಅಮ್ಮ, ಇದನ್ನು ಹಿಡಿದುಕೋ, ಮುಖ್ಯವಾದ ಕೆಲಸ ಎಂದು ಮರಳು ಗಡಿಯಾರವನ್ನು ನನ್ನ ಅಂಗೈಗಿಟ್ಟು ತಿರುಗಿ ಆಟದೊಳಗೆ ಹೋದಳು.

ಮೂರು ನಿಮಿಷ ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು. ನಗುವೆಲ್ಲ ನನ್ನನ್ನು ದಾಟಿ ಹೋಗುತ್ತಿತ್ತು. ನಾನು ಎದ್ದು ಹೋಗುವಂತಿಲ್ಲ, ಮಾತಾಡುವಂತಿಲ್ಲ, ಮರಳು ನೋಡಬೇಕು. ನಾನೂ ಆಡುತ್ತೇನೆ ಎಂಬ ಮಾತು ಬಾಯಿಯವರೆಗೆ ಬಂತು. ಐವತ್ತು ದಾಟಿದ ಹೆಂಗಸು ಹಾಗೆ ಕೇಳುವುದು ಹೇಗೆ? ಆರು ವರ್ಷದವಳು ಕೇಳಿದ್ದಳು. “ಟೈಮ್ ಅಪ್” ಅಂದೆ. ಯಾರೋ ಹೆಬ್ಬೆರಳು ತೋರಿಸಿದರು.

ಚೀಲದಲ್ಲಿದ್ದ ಹೊಸ ಡಬ್ಬಿಯನ್ನು ಹೊರಗೆ ತೆಗೆಯಲೇ ಇಲ್ಲ. ಸ್ಟೇಷನ್ನಿಗೆ ಬಿಡಲು ಬಂದಾಗ, “ಶನಿವಾರ ಬರ್ತೀಯಾ? ಆಟ ನೀನೇ ಆರಿಸು” ಅಂದೆ. ನೋಡುತ್ತೇನೆ ಅಂದಳು. ಚಿಕ್ಕಂದಿನಲ್ಲಿ ಅವಳು ಏನು ಕೇಳಿದರೂ ನಾನು ಕೊಡುತ್ತಿದ್ದ ಉತ್ತರವೇ ಅದು. ಅದರ ಅರ್ಥ ಹೆಚ್ಚಾಗಿ ಇಲ್ಲ ಎಂದೇ ಆಗಿರುತ್ತಿತ್ತು.

ಶನಿವಾರ ಮಧ್ಯಾಹ್ನದವರೆಗೆ ನಾನು ಒಂದೇ ದೀಪದ ಬತ್ತಿಯನ್ನು ನಾಲ್ಕು ಸಲ ಸರಿಮಾಡಿದೆ. ಹೋಳಿಗೆ ಒಂದು ಕಡೆ ಸೀದಿತು. “ಒಂದು ನಿಮಿಷ ಕೂತ್ಕೋಬಾರ್ದಾ?” ಎಂದು ಗಂಡ ಕೇಳಿದ್ದಕ್ಕೆ ಸುಮ್ಮನೆ ಹರಿಹಾಯ್ದೆ. ಎಲ್ಲರೂ ಬಂದರು. ಊಟಕ್ಕೆ ಕೂತೆವು. ಅನ್ನಕ್ಕೆ ಸಾರು ಬಡಿಸುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಕಂಕುಳಲ್ಲಿ ಸೆಲ್ಲಿ ಓಕ್‌ನ ಆ ಡಬ್ಬಿ ಹಿಡಿದು ಮಗಳು ನಿಂತಿದ್ದಳು. ನನಗೆ ಅಳು ಬಂತು, ಸೌಟು ತರುವ ನೆಪ ಮಾಡಿ ಒಳಗೆ ಹೋಗಿಬಂದೆ. ಅವಳು ನೋಡಿದಳು.

ಊಟವಾದ ಮೇಲೆ ಅವಳೇ ನಿಯಮ ವಿವರಿಸಿ ಕಾರ್ಡು ಹಂಚತೊಡಗಿದಳು. ಮೂಳೆ ಡಾಕ್ಟರು ಅಭ್ಯಾಸಬಲದಿಂದ ಡಬ್ಬಿಯೊಳಗೆ ಕೈ ಹಾಕಿ, ಮರಳು ಗಡಿಯಾರ ತೆಗೆದು ಅವಳ ಕಡೆ ಚಾಚಿದರು. “ತಗೋ ಪುಟ್ಟಿ, ಇದು ನಿನ್ ಕೆಲಸ.”

ಅವಳ ಕೈಯಲ್ಲಿ ಕಾರ್ಡುಗಳು ನಿಂತವು. ನಾನು ಧಡಕ್ಕನೆ ಎದ್ದು ಗಡಿಯಾರವನ್ನು ಕಸಿದುಕೊಂಡಂತೆಯೇ ತೆಗೆದುಕೊಂಡೆ. “ಬೇಡ ಬೇಡ, ಅದ್ಯಾಕೆ? ಫೋನಲ್ಲೇ ಟೈಮರ್ ಇಟ್ರೆ ಆಯ್ತಪ್ಪ. ಎಲ್ರೂ ಆಡ್ಬಹುದು.”

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಮಗಳು ನನ್ನ ಪಾಲಿನ ಕಾರ್ಡನ್ನು ನನ್ನ ಮುಂದಿಟ್ಟಳು. ಯಾರಿಗೂ ಕೇಳದಷ್ಟು ಮೆಲ್ಲಗೆ, ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಅಂದಳು:

“ಫೋನ್ ಆವಾಗ್ಲೂ ಇತ್ತಲ್ವಾ, ಅಮ್ಮ.”

ನಾನು ಎದ್ದು ಹೋಗಲಿಲ್ಲ.