ಆಟಿ ತಿಂಗಳ ಮುಂಗಡ

ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ, ದೋಸೆಯಾದ ಮೇಲೆ, ಅರ್ಥ ಇಲಾಖೆಯ ಸಭೆ ಸೇರುತ್ತಿತ್ತು. ಮನೆ ಎಂದರೆ ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣದ ಹಿಂದೆ ನಾವು ಬಾಡಿಗೆಗೆ ಹಿಡಿದಿದ್ದ ಮಹಡಿ. ಸಭೆ ಎಂದರೆ ನಾನು ಮತ್ತು ನನ್ನ ಹೆಂಡತಿ. ಅವಳು ಔಷಧಿಯ ಸಗಟು ವ್ಯಾಪಾರಿಯೊಬ್ಬರ ಬಳಿ ಬಿಲ್ಲು ಮಾಡುವ ಕೆಲಸದಲ್ಲಿದ್ದುದರಿಂದ ಅಧ್ಯಕ್ಷ ಪೀಠ ಅವಳಿಗೆ ಸಹಜವಾಗಿಯೇ ಹೋಗಿತ್ತು. ಮಣಿಪಾಲದ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನು ವಿರೋಧ ಪಕ್ಷ. ಮಾತಾಡುವ ಹಕ್ಕು ಪೂರ್ತಿ ಇತ್ತು, ಮತದಾನದ ಹಕ್ಕು ಇರಲಿಲ್ಲ.

ಸಭೆಯ ಮುಖ್ಯ ಕಲಾಪ ಕೈಖರ್ಚಿನ ವಿತರಣೆ. ಒಬ್ಬೊಬ್ಬರಿಗೆ ವಾರಕ್ಕೆ ಮುನ್ನೂರು ರೂಪಾಯಿ. ಬಾಡಿಗೆ, ಅಕ್ಕಿ, ಮೀನು, ಕೆಲಸಕ್ಕೆ ಹೋಗುವ ಬಸ್ಸು ಇವೆಲ್ಲ ಸರಕಾರದ ಖಾತೆ. ಚಹಾ, ಕ್ಷೌರ, ಸ್ನೇಹ, ಭಕ್ತಿ ಮತ್ತು ಸಣ್ಣಪುಟ್ಟ ಹೊಟ್ಟೆನೋವು ಖಾಸಗಿ ಖಾತೆ. ಉಳಿದ ಪ್ರತಿ ಪೈಸೆಯೂ ಬ್ಯಾಂಕಿಗೆ, ಮನೆ ಕೊಳ್ಳುವಾಗ ಕೊಡಬೇಕಾದ ಮುಂಗಡಕ್ಕೆ. ಮುನ್ನೂರು ಮೀರಿದವರು ಸಭೆಗೆ ವಿವರಣೆ ಸಲ್ಲಿಸತಕ್ಕದ್ದು ಎಂಬ ನಿಯಮವನ್ನು ಸೂಚಿಸಿದವನು ನಾನೇ. ಅದರಡಿಯಲ್ಲಿ ವಿವರಣೆ ಸಲ್ಲಿಸಿದವನೂ ನಾನೊಬ್ಬನೇ.

ಇಂಥ ಆಡಳಿತದಲ್ಲಿ ಬಹಳ ಕಾಲ ಬದುಕಿದವನಿಗೆ ಹೆದರಿಕೆಯೊಂದು ಮೈಗೂಡುತ್ತದೆ. ರಸ್ತೆಯ ಆಚೆಯಿಂದ ಹಳೆಯ ಗೆಳೆಯ ಕೈಬೀಸಿದರೆ ನನಗೆ ಮೊದಲು ಕಾಣುತ್ತಿದ್ದುದು ಅವನ ಹಿಂದಿನ ಹೋಟೆಲು. ಮದುವೆಯ ಕರೆಯೋಲೆ ಹಿಡಿದು ಯಾರಾದರೂ ಮೆಟ್ಟಿಲು ಹತ್ತಿದರೆ ಮನಸ್ಸು ಉಡುಗೊರೆಯ ಮೊತ್ತ ಎಣಿಸತೊಡಗುತ್ತಿತ್ತು. ಫ್ರಿಜ್ಜು ಸ್ವಲ್ಪ ಹೊತ್ತು ಸದ್ದು ನಿಲ್ಲಿಸಿದರೆ ನಾವಿಬ್ಬರೂ ಮಾತು ನಿಲ್ಲಿಸಿ ಅದು ಮತ್ತೆ ಗುರುಗುಟ್ಟುವವರೆಗೆ ಅದನ್ನೇ ನೋಡುತ್ತಿದ್ದೆವು. ಹೆಂಡತಿ ಕೆಮ್ಮಿದರೆ ನನಗೆ ಅವಳ ಮೇಲಿನ ಕಾಳಜಿಯೂ ಮುಂಗಡದ ಮೇಲಿನ ಕಾಳಜಿಯೂ ಒಟ್ಟಿಗೇ ಬರುತ್ತಿದ್ದವು. ಯಾವುದು ಮೊದಲು ಬಂತೆಂದು ನಾನು ವಿಚಾರಿಸಲು ಹೋಗಲಿಲ್ಲ.

ಕೊನೆಗೆ ಆ ಬೇಸಗೆಗೆ ಕಾಪುವಿನಲ್ಲಿ ಒಂದು ಮನೆ ಸಿಕ್ಕಿತು. ಹೆದ್ದಾರಿಯಿಂದ ಒಳಗೆ, ಎರಡು ಕೋಣೆ, ಒಂದು ಚಾವಡಿ, ಹಿಂದೆ ಬಾವಿ, ಬಾವಿಯ ಬದಿಯಲ್ಲಿ ನುಗ್ಗೆಮರ. ನಮ್ಮ ಯೋಗ್ಯತೆಗೆ ಆ ನುಗ್ಗೆಮರವೇ ಹೆಚ್ಚಾಯಿತು. ಒಡತಿ ಕಾರ್ಕಳದಲ್ಲಿ ಮಗಳ ಮನೆಯಲ್ಲಿದ್ದ ನಿವೃತ್ತ ಶಿಕ್ಷಕಿ. ವ್ಯವಹಾರದ ಮಾತನ್ನು ತುಳುವಿನಲ್ಲಿ ಆಡಿದರೆ ಸಲಿಗೆ ಹೆಚ್ಚಾಗುತ್ತದೆ ಎಂಬ ಕಾರಣಕ್ಕೆ ನಮ್ಮೊಡನೆ ತರಗತಿಯ ಕನ್ನಡದಲ್ಲೇ ಮಾತಾಡಿದರು. ಬೆಲೆ ಕುದುರುವಷ್ಟರಲ್ಲಿ ಮಳೆ ಹಿಡಿದಿತ್ತು. ಮುಂಗಡ ಐದು ಲಕ್ಷ, ಉಳಿದದ್ದು ಬ್ಯಾಂಕಿನ ಸಾಲ. ನಮ್ಮ ಖಾತೆಯಲ್ಲಿ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆಯಿತ್ತು. ಮುಂದಿನ ತಿಂಗಳ ಎರಡು ಸಂಬಳ ಸೇರಿದರೆ ಸರಿಹೋಗುತ್ತಿತ್ತು.

ಅಷ್ಟರಲ್ಲಿ ಆಟಿ ಬಂತು. ಆಟಿ ಎಂದರೆ ಮಳೆಯ ನಡುವಿನ ಆ ತುಳು ತಿಂಗಳು. ಆಗ ನಮ್ಮಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಯಾವ ಶುಭಕಾರ್ಯಕ್ಕೂ ಯಾರೂ ಕೈಹಾಕುವುದಿಲ್ಲ. ಕೈಖರ್ಚಿನ ದೃಷ್ಟಿಯಿಂದ ಇದರಷ್ಟು ಪವಿತ್ರವಾದ ತಿಂಗಳು ಪಂಚಾಂಗದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆದರೆ ಒಡತಿ ಹೇಳಿಬಿಟ್ಟರು.

"ಆಟಿಯಲ್ಲಿ ನಾನು ಹಣ ಮುಟ್ಟುವುದಿಲ್ಲ. ಮಾತು ಕೊಟ್ಟಿದ್ದೇನೆ. ಆಟಿ ಮುಗಿದು ಸೋಣ ತಿಂಗಳು ಹುಟ್ಟಲಿ, ಸೋಣ ಸಂಕ್ರಮಣ ಕಳೆದ ಮರುದಿನ ಐದು ಲಕ್ಷ ತನ್ನಿ, ಕರಾರು ಮಾಡುವ."

ಅವರ ಪಿಂಚಣಿ ಆಟಿಯಲ್ಲಿಯೂ ಬರುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೀಗೆ ಒಂದು ತಿಂಗಳು ಪೂರ್ತಿ ನಮ್ಮ ಮನೆಗೆ ಅಡಿಪಾಯವಾಗಿ ಉಳಿದದ್ದು ಒಬ್ಬ ಹೆಂಗಸಿನ ಒಂದು ಮಾತು. ಚೀಟಿಯಿಲ್ಲ, ರಶೀದಿಯಿಲ್ಲ, ಸಾಕ್ಷಿಯಿಲ್ಲ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಅದರ ಕೆಳಗೆ ಕುಳಿತು ನಾವು ಆ ಮಾತು ಗಟ್ಟಿಯೋ ಅಲ್ಲವೋ ಎಂದು ಹೆದರುತ್ತಲೇ ಇದ್ದೆವು. ಒಬ್ಬರ ಹೆದರಿಕೆಯನ್ನು ಇನ್ನೊಬ್ಬರಿಗೆ ಹೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಇರಲಿಲ್ಲ.

ಆಟಿಯ ಮೊದಲ ವಾರದ ಶನಿವಾರ ಹೆಂಡತಿ ಪೆರ್ಡೂರಿನ ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಹೊರಟಳು. ಭಕ್ತಿ ಖಾಸಗಿ ಖಾತೆಯಾದ್ದರಿಂದ ನಾನು ಆಕ್ಷೇಪಿಸಲಿಲ್ಲ. ಮಧ್ಯಾಹ್ನ ಮೀರಿ ಒದ್ದೆಯಾಗಿ ಬಂದಳು. ಪ್ರಸಾದ ತಂದಿರಲಿಲ್ಲ. ಕೇಳಿದ್ದಕ್ಕೆ ಬಸ್ಸಿನಲ್ಲಿ ಮರೆತೆ ಎಂದಳು. ಕೊಡೆಯನ್ನೂ ಕರವಸ್ತ್ರವನ್ನೂ ಎಂದೂ ಮರೆಯದವಳು ದೇವರನ್ನು ಮರೆತಳಲ್ಲ ಎಂದು ನನಗೆ ಸ್ವಲ್ಪ ಸೋಜಿಗವಾಯಿತು, ಅಷ್ಟೆ.

ಅದಾಗಿ ನಾಲ್ಕಾರು ದಿನಕ್ಕೆ ಕಾಪುವಿನ ದಲ್ಲಾಳಿಯ ಫೋನು ಬಂತು. ಮನೆ ತೋರಿಸಿದವನು ಅವನೇ. ಕಚೇರಿಯ ಜಗಲಿಗೆ ಬಂದು ಮಳೆಯ ಸದ್ದಿನ ನಡುವೆ ಕಿವಿಗೊಟ್ಟೆ.

"ಎಂತ ಮಾರಾಯ್ರೆ, ನಿಮ್ಮದು ಗಟ್ಟಿ ಉಂಟಲ್ವಾ?"

ಗಟ್ಟಿ ಎಂದೆ. ಸ್ವರ ಮಾತ್ರ ಗಟ್ಟಿಯಾಗಿ ಬರಲಿಲ್ಲ.

"ಅಲ್ಲ, ಇನ್ನೊಂದು ಪಾರ್ಟಿ ಬಂದು ಮನೆ ನೋಡಿ ಹೋಗಿದ್ದಾರೆ. ಗಲ್ಫಿನವರು. ಅವರಿಗೆ ಆಟಿ ಗೀಟಿ ಎಂತದೂ ಇಲ್ಲ. ನಾಳೆ ಅಂದರೆ ನಾಳೆ ಪೂರ್ತಿ ಹಣ ಕೊಡ್ತಾರೆ. ತೋರಿಸಬಹುದು ಅಂತ ಟೀಚರೇ ಹೇಳಿದ್ದು ಆಯ್ತಾ, ಮತ್ತೆ ನನ್ನ ಮೇಲೆ ಬೇಸರ ಮಾಡಬೇಡಿ."

ಆ ದಿನ ಕಚೇರಿಯಲ್ಲಿ ನಾನು ಏನು ಕೆಲಸ ಮಾಡಿದೆನೋ ಗೊತ್ತಿಲ್ಲ. ಬಾವಿಯ ಬದಿಯ ನುಗ್ಗೆಮರದ ಕೆಳಗೆ ಯಾರೋ ಅಪರಿಚಿತ ಕಪ್ಪು ಕನ್ನಡಕ ಹಾಕಿಕೊಂಡು ನುಗ್ಗೆಕಾಯಿ ಕೊಯ್ಯುವ ಚಿತ್ರ ಕಣ್ಣ ಮುಂದೆ ಸುಳಿಯುತ್ತಲೇ ಇತ್ತು. ನಮ್ಮದು ಇನ್ನೊಂದು ಮನೆ ಹುಡುಕುವ ವಯಸ್ಸೂ ಅಲ್ಲ, ಬೆಲೆಗಳು ನಮ್ಮ ಮುನ್ನೂರು ರೂಪಾಯಿಗಾಗಿ ಕಾಯುವಂಥವೂ ಅಲ್ಲ. ಬ್ಯಾಂಕಿನವರು ಸಾಲದ ಅವಧಿಯನ್ನು ನನ್ನ ನಿವೃತ್ತಿಯಿಂದ ಹಿಂದಕ್ಕೆ ಎಣಿಸಿ, ಈ ವರ್ಷ ಬಿಟ್ಟರೆ ಕಷ್ಟ ಎಂದು ಮರ್ಯಾದೆಯಿಂದಲೇ ತಿಳಿಸಿದ್ದರು. ದಲ್ಲಾಳಿಯ ಸುದ್ದಿಯನ್ನು ಹೆಂಡತಿಗೆ ಹೇಳಲಿಲ್ಲ. ಅವಳು ಹೆದರಿಯಾಳು ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ.

ನನ್ನಲ್ಲಿ ಒಂದು ಗುಪ್ತ ನಿಧಿಯಿತ್ತು. ಮಧ್ಯಾಹ್ನದ ಚಹಾ ಬಿಟ್ಟು, ಕ್ಷೌರವನ್ನು ಮುಂದೂಡಿ, ಕೈಖರ್ಚಿನಿಂದ ಉಳಿಸಿದ ಹತ್ತು ಇಪ್ಪತ್ತರ ನೋಟುಗಳು ಮೇಜಿನ ಖಾನೆಯಲ್ಲಿದ್ದವು. ಅದನ್ನು ಎಣಿಸಿದೆ. ಒಂದು ರೂಪಾಯಿಯ ನಾಣ್ಯ ಸೇರಿಸಿ ಐನೂರ ಒಂದು ಮಾಡಿ ರಬ್ಬರು ಹಾಕಿದೆ. ಐದು ಲಕ್ಷ ಆಟಿಯಲ್ಲಿ ಬೇಡವಾದರೆ ಬೇಡ, ಒಂದು ಸಣ್ಣ ಮೊತ್ತ ಅವರ ಕೈಗೆ ಮುಟ್ಟಿದರೂ ಮಾತಿಗೆ ಒಂದು ಗಂಟು ಬೀಳುತ್ತದೆ ಎಂಬುದು ನನ್ನ ರಾಜತಾಂತ್ರಿಕ ಯೋಚನೆ. ಪರ್ಕಳದಲ್ಲಿ ಸಹೋದ್ಯೋಗಿಯ ಮನೆಯಲ್ಲಿ ಸಾವಾಗಿದೆ, ನೋಡಿ ಬರುತ್ತೇನೆ ಎಂದು ಹೆಂಡತಿಗೆ ತಿಳಿಸಿದೆ. ಬೇರೆ ಯಾವ ಸಮಾರಂಭ ಹೇಳಿದ್ದರೂ ಉಡುಗೊರೆಗೆ ಎಷ್ಟು ಎಂಬ ಪ್ರಶ್ನೆ ಬರುತ್ತಿತ್ತು.

ಶನಿವಾರ ಮಣಿಪಾಲದಲ್ಲಿ ಬಸ್ಸು ಹತ್ತಿ, ಪರ್ಕಳವನ್ನು ಕಿಟಕಿಯಿಂದಲೇ ನೋಡಿ ಸಂತಾಪ ಮುಗಿಸಿ, ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಬಂದೆ. ದಾರಿಯುದ್ದಕ್ಕೂ ಕೈ ಅಂಗಿಯ ಜೇಬಿನ ಮೇಲೇ ಇತ್ತು. ಒಡತಿ ಬಾಗಿಲು ತೆರೆದು, ನನ್ನ ಹಿಂದೆ ಇನ್ನು ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಒಳಗೆ ಕೂರಿಸಿದರು. ನಾನು ಪೀಠಿಕೆ ಹಾಕಿ, ನೋಟಿನ ಕಟ್ಟನ್ನು ತೆಗೆದು ಸ್ಟೂಲಿನ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು. ಆಮೇಲೆ ನನ್ನ ಅಂಗಿಯ ಕಾಲರು, ಕಿವಿಯ ಮೇಲೆ ಇಳಿದಿದ್ದ ಕೂದಲು, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ, ಎಲ್ಲವನ್ನೂ ಉತ್ತರ ಪತ್ರಿಕೆ ತಿದ್ದುವವರ ಹಾಗೆ ಕ್ರಮವಾಗಿ ನೋಡಿದರು.

"ನಿಮ್ಮವರು ಕಳೆದ ಶನಿವಾರ ಬಂದಿದ್ದರು" ಎಂದರು. "ಅವರೂ ಹೀಗೆಯೇ ಒಂದು ಕಟ್ಟು ಹಿಡಿದುಕೊಂಡು. ಅದು ಸಾವಿರದ ಒಂದು. ಅವರಿಗೂ ಬೇಡ ಅಂದೆ. ನಿಮಗೆ ಗೊತ್ತಿಲ್ವಾ?"

ಪೆರ್ಡೂರಿನ ದೇವರು ಯಾಕೆ ಪ್ರಸಾದ ಕೊಡಲಿಲ್ಲ ಎಂಬುದು ಆಗ ತಿಳಿಯಿತು. ಅದೇ ಮುನ್ನೂರರಲ್ಲಿ ಅವಳು ನನ್ನ ಎರಡರಷ್ಟು ಉಳಿಸಿದ್ದಾಳೆ ಎಂಬುದು ಅದರ ಹಿಂದೆಯೇ ಹೊಳೆದು ಇನ್ನೊಂದು ಕಡೆ ನೋಯಿಸಿತು.

ಒಡತಿ ಎದ್ದು ಹೋಗಿ ಕೆಸುವಿನ ಎಲೆಯ ಪತ್ರೊಡೆ ತಂದರು. ಊಟ ಆಗಿದೆಯೇ ಎಂದು ಕೇಳಿದರು. ಆಗಿದೆ ಎಂದರೂ ನಂಬದೆ ಇನ್ನೆರಡು ಹಾಕಿದರು. ಹಾಕಿದ್ದನ್ನೆಲ್ಲ ತಿಂದೆ. ನೋಟಿನ ಕಟ್ಟನ್ನು ಮರಳಿ ನನ್ನ ಜೇಬಿಗೇ ಇಡಿಸಿದರು. ಬರುವಾಗ ಇಬ್ಬರೂ ಒಟ್ಟಿಗೆ ಬನ್ನಿ, ಒಬ್ಬೊಬ್ಬರೇ ಬರಬೇಡಿ ಎಂದರು. ಇಷ್ಟು ಉಪಚಾರ ಮಾಡಿದವರು ಕೈಬಿಡಲಾರರು ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಹಿರಿಯಡ್ಕ ಬರುವಷ್ಟರಲ್ಲಿ ಆ ಸಮಾಧಾನ ಮುಗಿದಿತ್ತು. ಗಲ್ಫಿನವರ ವಿಷಯ ಅವರು ಎತ್ತಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ.

ಮರುದಿನ ಭಾನುವಾರ. ದೋಸೆಯ ನಂತರ ಸಭೆ ಸೇರಿದಾಗ, ಸದಸ್ಯನು ಒಂದು ಹೇಳಿಕೆ ನೀಡಲು ಬಯಸುತ್ತಾನೆ ಎಂದೆ. ಫೋನು, ದಲ್ಲಾಳಿ, ಕಾರ್ಕಳ, ಪತ್ರೊಡೆ ಎಲ್ಲವನ್ನೂ ಸಭೆಯ ಮುಂದಿಟ್ಟೆ. ಅಧ್ಯಕ್ಷರು ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನನಗೂ ಪತ್ರೊಡೆ ಕೊಟ್ಟರು" ಎಂದಳು. "ನಾನು ಅದನ್ನು ಒಳ್ಳೆ ಲಕ್ಷಣ ಅಂತ ತಿಳಿದುಕೊಂಡೆ."

"ನಾನೂ ಹಾಗೇ ತಿಳಿದದ್ದು."

"ಗಲ್ಫಿನವರು ಬಂದದ್ದು ನಾನು ಹೋಗಿ ಬಂದ ಮೇಲಾ, ಮೊದಲಾ?"

ಮೇಲೆ ಎಂದೆ. ಆ ವಾರದ ಕೈಖರ್ಚನ್ನು ಯಾರೂ ಹಂಚಲಿಲ್ಲ. ಉಳಿದ ಆಟಿ ಪೂರ್ತಿ ನಾವು ಹೆದರಿಕೆಯನ್ನು ಜಂಟಿ ಖಾತೆಯಲ್ಲಿ ಇಟ್ಟೆವು, ಅದಕ್ಕೆ ಬಡ್ಡಿ ಚೆನ್ನಾಗಿಯೇ ಬಂತು. ಫೋನು ಹೊಡೆದುಕೊಂಡರೆ ಇಬ್ಬರೂ ಒಮ್ಮೆಗೇ ಎದ್ದುನಿಲ್ಲುತ್ತಿದ್ದೆವು. ದಲ್ಲಾಳಿಗೆ ನಾವಾಗಿ ಕರೆ ಮಾಡಬಾರದೆಂದು ನಿರ್ಣಯವಾಯಿತು. ಕರೆ ಮಾಡಿದರೆ ನಾವು ಹೆದರಿದ್ದೇವೆಂದು ಅವನಿಗೆ ತಿಳಿಯುತ್ತದಲ್ಲ.

ಸೋಣ ಸಂಕ್ರಮಣದ ಮರುದಿನ ಇಬ್ಬರೂ ರಜೆ ಹಾಕಿ, ಐದು ಲಕ್ಷದ ಚೆಕ್ಕು ಹಿಡಿದು ಒಟ್ಟಿಗೇ ಹೋದೆವು. ಹೆಂಡತಿ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನನಗೆ ಕ್ಷೌರ ಮಾಡಿಸಲಾಗಿತ್ತು, ಸರಕಾರದ ಖಾತೆಯಿಂದ. ಒಡತಿಯ ಮನೆಯ ಬಾಗಿಲಲ್ಲಿ ಹೊಳೆಯುವ ಗಂಡಸರ ಶೂ ಒಂದು ಜೊತೆ ಇತ್ತು. ಅದನ್ನು ನೋಡಿ ಹೆಂಡತಿ ನನ್ನ ಮೊಣಕೈ ಹಿಡಿದಳು. ಮೂವತ್ತು ವರ್ಷಕ್ಕೆ ಸಮೀಪದ ದಾಂಪತ್ಯದಲ್ಲಿ ಮನೆಯ ಹೊರಗೆ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು.

ಶೂ ಅಳಿಯನದು. ಕರಾರಿಗೆ ಸಾಕ್ಷಿ ಹಾಕಲು ನಿಂತಿದ್ದ. ಒಡತಿ ಚೆಕ್ಕನ್ನು ಕನ್ನಡಕ ಹಾಕಿ ಓದಿ, ಕನ್ನಡಕ ತೆಗೆದು ಇನ್ನೊಮ್ಮೆ ಓದಿ, ಅಳಿಯನಿಗೆ ಕೊಟ್ಟರು. ಆಮೇಲೆ ನಮ್ಮ ಕಡೆ ತಿರುಗಿದರು.

"ಒಂದು ಹೇಳುತ್ತೇನೆ, ಬೇಸರ ಮಾಡಬೇಡಿ. ಹತ್ತರ ನೋಟು, ಇಪ್ಪತ್ತರ ನೋಟು ಹಿಡಿದುಕೊಂಡು ಮೊದಲು ಇವರು ಬಂದರು. ಹೀಗೆ ಕೂಡಿಸಿ ತಂದವರಲ್ಲಿ ಐದು ಲಕ್ಷ ಎಲ್ಲಿ ಇರುತ್ತದೆ ಅಂತ ನನಗೆ ಹೆದರಿಕೆ ಆಯಿತು. ಅದಕ್ಕೇ ಇನ್ನೊಂದು ಪಾರ್ಟಿಗೆ ತೋರಿಸು ಅಂತ ದಲ್ಲಾಳಿಗೆ ಹೇಳಿದ್ದು. ಆಮೇಲೆ ನೀವು ಬಂದಿರಿ, ಅದರ ಅರ್ಧ ಹಿಡಿದುಕೊಂಡು. ಮನೆಯಲ್ಲಿ ಒಲೆಯೇ ಹಚ್ಚುವುದಿಲ್ಲವೋ ಏನೋ ಅಂತ ಕಂಡಿತು ನನಗೆ."

ಮನೆಯನ್ನು ಉಳಿಸಿಕೊಳ್ಳಲೆಂದು ನಾವು ಒಯ್ದ ಹಣವೇ ಮನೆಯನ್ನು ಅರ್ಧ ಮಾರಿಬಿಟ್ಟಿತ್ತು. ಐದು ಲಕ್ಷ ಇದ್ದದ್ದು ಒಲೆಯನ್ನು ಹಾಗೆ ಹದದಲ್ಲಿ ಉರಿಸಿದ್ದರಿಂದಲೇ ಎಂದು ಹೆಂಡತಿ ಮೆಲ್ಲಗೆ ವಿವರಿಸಿದಳು. ಒಡತಿ ತಲೆಯಾಡಿಸಿದರು. ಒಪ್ಪಿದಂತೆ ಕಂಡಿತು, ಆದರೆ ಅವರು ಪಾಠ ಹೇಳಿದ ಕಾಲದ ಜಾಗ್ರತೆ ಬಿಡಲಿಲ್ಲ.

"ಚೆಕ್ಕು ಪಾಸಾಗಲಿ" ಎಂದರು. "ಮತ್ತೆ ಗಲ್ಫಿನವರಿಗೆ ಇಲ್ಲ ಅಂತ ಹೇಳುತ್ತೇನೆ."

ಸಹಿಗಳಾದವು. ಆದರೂ ಕರಾರಿನ ಪ್ರತಿ ನಮ್ಮ ಕೈಗೆ ಬರಲಿಲ್ಲ, ಅದೂ ಚೆಕ್ಕಿನ ದಾರಿ ಕಾಯಬೇಕಾಗಿತ್ತು. ಆ ನಡುವಿನ ದಿನಗಳಲ್ಲಿ ನಾನು ಹೆದರದ ಸಂಗತಿಯಿಲ್ಲ. ನನ್ನ ಸಹಿ ಸರಿಯಿತ್ತೇ, ಬ್ಯಾಂಕಿಗೆ ರಜೆಯಿತ್ತೇ, ಅಳಿಯನ ಜೇಬಿನಲ್ಲಿ ಚೆಕ್ಕು ಒದ್ದೆಯಾಯಿತೇ ಎಂದು ಒಂದರ ಹಿಂದೆ ಒಂದು.

ಕೊನೆಗೆ ಕಚೇರಿಯಲ್ಲಿ ಕುಳಿತಿದ್ದಾಗ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂತು. ಐದು ಲಕ್ಷ ಕಳೆಯಲಾಗಿದೆ. ಬಾಕಿ ಇದ್ದದ್ದು ನಾನೂರು ಚಿಲ್ಲರೆ. ಬೇರೆ ಯಾವ ದಿನ ಅದನ್ನು ಓದಿದ್ದರೂ ನನ್ನನ್ನು ಅಲ್ಲಿಯೇ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕಾಗುತ್ತಿತ್ತು. ಜಗಲಿಗೆ ಬಂದು ಹೆಂಡತಿಗೆ ಫೋನು ಮಾಡಿ ಓದಿ ಹೇಳಿದೆ. ಅವಳು ಇನ್ನೊಮ್ಮೆ ಓದಿಸಿದಳು. ಹಿಂದಿನಿಂದ ಯಾರೋ ಮಾತ್ರೆಯ ಪೆಟ್ಟಿಗೆಗಳನ್ನು ಎಣಿಸುವುದು ಕೇಳುತ್ತಿತ್ತು.

"ಶನಿವಾರ ಕಾಪುವಿಗೆ ಹೋಗುವ" ಎಂದಳು.

"ಯಾಕೆ?"

"ನಾವು ಆ ಮನೆ ನೋಡಿದ್ದು ಬೇಸಗೆಯಲ್ಲಿ ಅಲ್ವಾ. ಮಳೆಗೆ ಎಲ್ಲಿ ಸೋರುತ್ತದೆ ಅಂತ ಯಾರು ನೋಡಿದ್ದಾರೆ?"

ಜಗಲಿಯ ಆಚೆ ಮಳೆ ಆಗತಾನೇ ಮತ್ತೆ ಜೋರು ಹಿಡಿಯುತ್ತಿತ್ತು. ಸೋರುವುದಿಲ್ಲ ಎಂದು ನಾನು ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ.